ಸ್ಮಾರ್ಟ್ ಮೀಟರೂ ನನ್ನ ನಾಲಿಗೆಯೂ

ನಮ್ಮ ಮನೆಯಲ್ಲಿ ಕರೆಂಟು ಬಿಲ್ಲು ಬಂದ ದಿನ ಮಾತ್ರ ನಾನು ಮಾತಾಡುತ್ತೇನೆ. ಉಳಿದ ದಿನಗಳೆಲ್ಲ ನನ್ನ ಹೆಂಡತಿಯವು. ಇದು ಯಾರೂ ಎದುರುಬದುರು ಕೂತು ಮಾಡಿಕೊಂಡ ಒಪ್ಪಂದವಲ್ಲ, ತಾನಾಗಿ ಆಗಿಹೋದದ್ದು. ಹಾಗಾಗಿ ತಿಂಗಳಿಡೀ ಕೂಡಿಟ್ಟ ಮಾತನ್ನೆಲ್ಲ ನಾನು ಆ ಒಂದೇ ದಿನ ಖರ್ಚು ಮಾಡಬೇಕಾಗುತ್ತದೆ.

"ಈ ಮನೇಲಿ ಕರೆಂಟು ಎಲ್ಲಿಗೆ ಹೋಗ್ತಾ ಇದೆ ಅಂತ ನನಗೆ ಇವತ್ತು ಗೊತ್ತಾಗ್ಬೇಕು," ಅಂತ ಅಂಗಳದ ನಡುವೆ ನಿಂತು ಗರ್ಜಿಸುತ್ತೇನೆ.

"ತಂತೀಲಿ ಬರುತ್ತೆ, ತಂತೀಲೇ ಹೋಗುತ್ತೆ. ಕೈ ತೊಳ್ಕೊಂಡು ಬನ್ನಿ ಸೆರ್ವಾ ಅಪ್ಪಾ, ಸಾರು ಆರ್ತಾ ಇದೆ," ಅನ್ನುತ್ತಾಳೆ ನನ್ನ ಹೆಂಡತಿ ಕೊನಾಡು, ಮಗಳ ಹೆಸರು ಹಿಡಿದು ನನ್ನನ್ನು ಕರೆಯುತ್ತಾ. ಸಾರಿನ ಮಾತು ಬಂದ ಮೇಲೆ ನನ್ನ ಗರ್ಜನೆ ಅಲ್ಲಿಗೆ ಮುಗಿಯುತ್ತದೆ.

ನನ್ನ ಹೆಸರು ಕ್ವಾಜೊ ಆಸಿಯಾಮಾ. ಕುಮಾಸಿ ಊರಿನ ಸುವಾಮೆ ಪೇಟೆಯಲ್ಲಿ ಹಳೆ ಲಾರಿಗಳ ಬಿಡಿಭಾಗ ಮಾರುವ ಅಂಗಡಿ ಇಟ್ಟಿದ್ದೇನೆ. ಗೇರ್‌ಬಾಕ್ಸನ್ನು ಬಿಚ್ಚದೆ, ಬರೀ ಸದ್ದು ಕೇಳಿ, ಒಳಗೆ ಯಾವ ಹಲ್ಲು ಸವೆದಿದೆ ಅಂತ ಹೇಳಬಲ್ಲೆ. ಇದು ಜಂಬವಲ್ಲ. (ಜಂಬವೇ, ಆದರೆ ನಿಜವಾದ ಜಂಬ.) ಇಂಥ ಕಿವಿ ಇಟ್ಟುಕೊಂಡವನು ಮನೆಯಲ್ಲಿ ಕರೆಂಟು ತಿನ್ನುವವರನ್ನು ಹಿಡಿಯಲಾರನೇ ಅಂದುಕೊಂಡದ್ದೇ ನನ್ನ ಕಷ್ಟಗಳಿಗೆಲ್ಲ ಮೂಲ.

ದಿನವೂ ನಾಲ್ಕು ಗಂಟೆಯ ಹೊತ್ತಿಗೆ ಅಂಗಡಿ ಹುಡುಗರ ಕೈಗೆ ಬಿಟ್ಟು ಮನೆಗೆ ಬಂದು ಜಗುಲಿಯ ಆರಾಮ ಕುರ್ಚಿಯಲ್ಲಿ ಒರಗುತ್ತೇನೆ. ಒರಗಿದ ಕೂಡಲೇ ಮನೆಯ ಒಳಗಿನಿಂದ ಒಂದು ಸದ್ದು ಶುರುವಾಗುತ್ತದೆ. ಘುರ್‍ರ್... ಘುರ್‍ರ್... ಹೊಟ್ಟೆಬಾಕ ಮೋಟಾರಿನ ಸದ್ದು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ನಾದಿನಿ ಡುಫಿಯೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಅವಳ ಹತ್ತಿರ ಕರೆಂಟಿನ ಹೊಲಿಗೆ ಯಂತ್ರವಿದೆ. ಇನ್ನೇನು ಬೇಕು ಸಾಕ್ಷಿ? "ಬೇರೆ ಜಾಗ ಸಿಗೋವರೆಗೆ ಭಾವ, ನಾಲ್ಕು ದಿನ," ಅಂತ ಬಂದವಳು. ಆಗ ನಮ್ಮ ಮಗಳು ಸೆರ್ವಾ ಸ್ಕೂಲಿಗೆ ಹೋಗುತ್ತಿದ್ದಳು. ಈಗ ಸೆರ್ವಾ ಮದುವೆಯಾಗಿ ಆಕ್ರಾದಲ್ಲಿ ಸಂಸಾರ ಮಾಡುತ್ತಿದ್ದಾಳೆ. ಡುಫಿಯೆಯ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಆ ಕೋಣೆಯ ಮೇಲೆ ನನಗೆ ಕಣ್ಣಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಬೀದಿಗೆ ಕಿಟಕಿ, ಒಳ್ಳೆ ಗಾಳಿ. ನನ್ನ ಗೆಳೆಯ ಟ್ವೆನೆಬೊವಾ ಜೊತೆ ದಾಮೆ (ಅಂದರೆ ಚದುರಂಗದ ಬಡ ತಮ್ಮ) ಆಡಲು ಹೇಳಿ ಮಾಡಿಸಿದ ಜಾಗ. ನಾವಿಬ್ಬರೂ ಗೋಡೆಯ ಪಕ್ಕದ ಬಿಸಿಲಲ್ಲಿ ಬೇಯುತ್ತಾ ಆಡುವಾಗ, ಒಳಗೆ ಯಾರದೋ ಲಂಗ ನೆರಳಲ್ಲಿ ತೂಗುಬಿದ್ದಿರುತ್ತಿತ್ತು.

ಘುರ್‍ರ್ ಸದ್ದಿನ ಜೊತೆಗೇ ಹಿತ್ತಲ ಅಡುಗೆಮನೆಯ ಕಡೆಯಿಂದ ಇನ್ನೊಂದು ಸದ್ದು ಬರುತ್ತಿತ್ತು. ಅದು ನನ್ನ ಪ್ರಾಣ. ಧಂ, ಧಂ, ಧಂ. ಒರಳಿಗೆ ಒನಕೆ ಬೀಳುವ ಸದ್ದು. ಬೆಂದ ಮರಗೆಣಸು, ಬೆಂದ ಬಾಳೆಕಾಯಿ, ಎರಡೂ ಆ ಒರಳಲ್ಲಿ ಸೇರಿ ನುಣ್ಣಗಾಗಿ ಫುಫು ಆಗುವ ಸದ್ದು. ಕಣ್ಣು ಮುಚ್ಚಿ "ಆಹಾ" ಅನ್ನುತ್ತಿದ್ದೆ.

ಫುಫು ವಿಷಯದಲ್ಲಿ ನಾನು ಸಿದ್ಧಾಂತದ ಮನುಷ್ಯ. ಕೈಯಲ್ಲಿ ಕುಟ್ಟಿದ್ದೇ ಆಗಬೇಕು. ಈಗ ಬಂದಿವೆಯಲ್ಲ, ಕರೆಂಟಿನ ಫುಫು ಮೆಷಿನ್ನುಗಳು, ಅದರಲ್ಲಿ ಮಾಡಿದ್ದನ್ನು ನಾನು ಆಹಾರ ಅಂತ ಒಪ್ಪುವುದಿಲ್ಲ, ಗೋಡೆಗೆ ಬಳಿಯಬಹುದು ಅಷ್ಟೆ. ಒಂದು ತುತ್ತು ನುಂಗಿದರೆ ಸಾಕು, ಕುಟ್ಟಿದ್ದೋ ಮೆಷಿನ್ನಿನದೋ ಅಂತ ನನ್ನ ನಾಲಿಗೆ ತೀರ್ಪು ಕೊಡುತ್ತದೆ. ಟ್ವೆನೆಬೊವಾ ಮೊಮ್ಮಗನ ನಾಮಕರಣದ ಊಟದಲ್ಲಿ ಒಂದೇ ತುತ್ತು ನುಂಗಿ ಬೋಗುಣಿಯನ್ನು ಆಚೆ ತಳ್ಳಿ "ಮೆಷಿನ್" ಅಂದೆ. ಇಡೀ ಪಂಕ್ತಿ ತಿರುಗಿ ನೋಡಿತು. ಅಂದಿನಿಂದ ಸುವಾಮೆಯಲ್ಲಿ ನನ್ನ ನಾಲಿಗೆಗೆ ಒಂದು ಹೆಸರು ಬಂತು. ನಾನು ಹೋದಲ್ಲೆಲ್ಲ ಹೇಳುತ್ತಿದ್ದೆ: "ಫುಫು ಅಂದ್ರೆ ನಮ್ಮ ಕೊನಾಡು ತೋಳು. ಬಾಯಿಗಿಟ್ಟರೆ ಆ ತೋಳಿನ ಬಲ ಗೊತ್ತಾಗುತ್ತೆ." ಅಡುಗೆಮನೆಗೆ ಹೋಗಿ ಆ ತೋಳನ್ನು ಕಣ್ಣಾರೆ ನೋಡಿದ್ದೆನೇ ಅಂದರೆ, ಇಲ್ಲ. ನಮ್ಮ ಬೀದಿಯಲ್ಲಿ ಗಂಡಸು ಅಡುಗೆಮನೆಗೆ ಕಾಲಿಟ್ಟರೆ ಅವನಿಗೆ ಏನಾಗಿದೆ ಅಂತ ನಾಲ್ಕು ಮನೆಯವರು ವಿಚಾರಿಸಿಕೊಂಡು ಬರುತ್ತಾರೆ.

ಹೀಗಿರುವಾಗ ಕರೆಂಟು ಕಂಪನಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಸ್ಮಾರ್ಟ್ ಮೀಟರ್ ಬಂದಿದೆಯಂತೆ. ಬೇಕಾದವರು ಹಾಕಿಸಿಕೊಳ್ಳಬಹುದಂತೆ. ಹೊರಗೆ ಕಂಬದ ಹತ್ತಿರ ಮೀಟರು, ಒಳಗೆ ಹಾಲ್‌ನ ಗೋಡೆಗೆ ಒಂದು ಡಬ್ಬಿ. ಈ ಗಳಿಗೆಯಲ್ಲಿ ಮನೆ ಎಷ್ಟು ಎಳೆಯುತ್ತಿದೆ, ಯಾವ ಗಂಟೆಯಲ್ಲಿ ಎಷ್ಟು ಎಳೆಯಿತು, ಎಲ್ಲವನ್ನೂ ಆ ಡಬ್ಬಿ ಗೆರೆ ಎಳೆದು ತೋರಿಸುತ್ತದೆ. ಒಮ್ಮೆಲೇ ಜಾಸ್ತಿ ಎಳೆದರೆ ಬೀಪ್ ಬೀಪ್ ಅಂತ ಕೂಗಿಕೊಳ್ಳುತ್ತದೆ. ಕೇಳುತ್ತಾ ಕೇಳುತ್ತಾ ನನ್ನ ಕಣ್ಣಲ್ಲಿ ಆನಂದಬಾಷ್ಪ ಬಂತು. ಇದು ಮೀಟರಲ್ಲ, ನನ್ನ ಪಾಲಿನ ನ್ಯಾಯಾಧೀಶ.

ಸಂಜೆ ಅಂಗಳದಲ್ಲಿ ಸಭೆ ಕರೆದೆ. ಮೊದಲು ಬಾಯಿ ತೆರೆದವನು ಟ್ವೆನೆಬೊವಾ. (ಅವನು ನಮ್ಮ ಮನೆಯವನಲ್ಲ. ಆದರೆ ನಮ್ಮ ಮನೆಯ ಯಾವ ವಿಷಯವೂ ಅವನನ್ನು ಬಿಟ್ಟು ತೀರ್ಮಾನವಾದದ್ದಿಲ್ಲ.)

"ಬೇಡ ಕಣೋ ಕ್ವಾಜೊ. ಹಳೇ ಮೀಟರ್ ಓದೋಕೆ ಒಬ್ಬ ಮನುಷ್ಯ ಬರ್ತಿದ್ದ. ಕೂರಿಸಿ, ನೀರು ಕೊಟ್ಟು, ‘ಈ ತಿಂಗಳು ಮನೇಲಿ ಒಂದು ಸಾವಾಯ್ತಪ್ಪ, ಖರ್ಚು ಜಾಸ್ತಿ’ ಅಂದ್ರೆ ಅವನಿಗೂ ಕರುಳು ಚುರ್ ಅಂತಿತ್ತು. ಈ ಡಬ್ಬಿಗೆ ಯಾರ ಸಾವು ಹೇಳ್ತೀಯ? ಎಲ್ಲೋ ಆಫೀಸಲ್ಲಿ ಕೂತ್ಕೊಂಡು ಬೆರಳು ಒತ್ತಿದ್ರೆ ಇಲ್ಲಿ ನಿನ್ನ ದೀಪ ಆರುತ್ತೆ."

"ದುಡ್ಡು ಕಟ್ಟಿದ್ರೆ ಯಾಕೆ ಆರುತ್ತೆ?"

"ಕಟ್ಟಿದ್ರೆ ಅಂತೀಯಲ್ಲ, ಅದೇ ಇರೋದು," ಅಂದ ಅವನು.

ನಮ್ಮತ್ತೆ ಬಿರಾಗೊ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರು. ಗಂಡ ಹೋದ ಮೇಲೆ ಮಗಳ ಜೊತೆಯಲ್ಲೇ ಇರುವವರು, ಅಳೆದು ತೂಗಿ ಮಾತಾಡುವವರು. "ನಾನು ಎಷ್ಟು ಹೊತ್ತಿಗೆ ದೀಪ ಹಾಕ್ತೀನಿ, ಎಷ್ಟು ಹೊತ್ತಿಗೆ ಆರಿಸ್ತೀನಿ ಅಂತ ಕಂಪನಿಯವರಿಗೆ ಯಾಕೆ ಬೇಕು ಅಳಿಯಂದ್ರೇ? ಅದು ನನ್ನ ಗಂಡನಿಗೇ ಗೊತ್ತಿರಲಿಲ್ಲ."

"ಅತ್ತೆ, ತಪ್ಪು ಮಾಡದವರಿಗೆ ಏನು ಹೆದರಿಕೆ?"

"ತಪ್ಪು ಮಾಡದೋರು ಯಾರಿದ್ದಾರೆ ಈ ಮನೇಲಿ?" ಅಂದು ಅತ್ತೆ ಯಾಕೋ ಕೊನಾಡು ಕಡೆ ನೋಡಿದರು.

ಕೊನಾಡು ಎದ್ದು ನಿಂತಳು. "ಆ ಡಬ್ಬಿ ಈ ಮನೆಗೆ ಬರಕೂಡದು."

"ಯಾಕೆ?"

"ಬರಕೂಡದು ಅಂದ್ರೆ ಬರಕೂಡದು. ಗೋಡೆ ಸುಣ್ಣ ಕಿತ್ಕೊಂಡು ಬರುತ್ತೆ."

ಸುಣ್ಣದ ಮೇಲೆ ಅವಳಿಗೆ ಇಷ್ಟು ಮಮತೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ತಂಗಿಯನ್ನು ಕಾಪಾಡುತ್ತಿದ್ದಾಳೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಆಶ್ಚರ್ಯ ನೋಡಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ ಡುಫಿಯೆ ಒಂದೊಂದೇ ಸೂಜಿ ತೆಗೆದು ರವಿಕೆಯ ಅಂಚಿಗೆ ಚುಚ್ಚಿಕೊಂಡು ಹೇಳಿದಳು, "ಹಾಕಿಸಿ ಭಾವ. ನಾಳೇನೇ ಹಾಕಿಸಿ. ನನಗೂ ಬೈಸ್ಕೊಂಡು ಬೈಸ್ಕೊಂಡು ಸಾಕಾಗಿದೆ ಅಕ್ಕಾ."

ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಂಗಸರ ನೋಟದಲ್ಲಿ ನನಗೆ ಅರ್ಥವಾಗದ್ದು ಬೇಕಾದಷ್ಟಿರುತ್ತದೆ, ಇದೂ ಒಂದು ಅಂತ ಬಿಟ್ಟೆ.

ಅಲ್ಲೇ ಎಲ್ಲರೆದುರು ಒಪ್ಪಂದವಾಯಿತು. ಒಂದು ವಾರ ಡಬ್ಬಿ ನೋಡುವುದು. ಕರೆಂಟು ತಿನ್ನುತ್ತಿರುವುದು ಹೊಲಿಗೆ ಯಂತ್ರವೇ ಅಂತಾದರೆ ಡುಫಿಯೆ ಕೋಣೆ ಬಿಡಬೇಕು. ಅಲ್ಲ ಅಂತಾದರೆ ಕೋಣೆ ಅವಳದೇ, ನಾನು ಆ ಕಡೆ ತಲೆ ಹಾಕಿಯೂ ಮಲಗಬಾರದು. ಆ ಕಿಟಕಿಯನ್ನು ನೋಡಿಯೇ ಗಿರಾಕಿಗಳು ಬರುವುದು, ಕೋಣೆ ಹೋದರೆ ಅವಳ ಹೊಟ್ಟೆಪಾಡೂ ಹೋಗುತ್ತದೆ ಅನ್ನುವುದು ನನಗೂ ಗೊತ್ತಿತ್ತು. ಆದರೆ ಆ ಗಾಳಿ, ಆ ನೆರಳು, ಅಲ್ಲಿ ಹಾಸಿಟ್ಟ ದಾಮೆಯ ಹಲಗೆ ಕಣ್ಣ ಮುಂದೆ ಬಂದು ಗೊತ್ತಿದ್ದದ್ದನ್ನೆಲ್ಲ ಮರೆಸಿತು.

ಡಬ್ಬಿ ಬಂತು. ಹಾಲ್‌ನಲ್ಲಿ, ನನ್ನ ಕುರ್ಚಿಗೆ ನೇರವಾಗಿ, ಸೆರ್ವಾ ಮದುವೆಯ ಫೋಟೋ ಪಕ್ಕ ತೂಗಿಹಾಕಿಸಿದೆ. ಮೊದಲ ದಿನ ಅಂಗಡಿಗೆ ರಜಾ ಹಾಕಿ ಅದರೆದುರು ಕೂತೆ. ಎದ್ದು ಫ್ಯಾನ್ ಹಾಕುವುದು, ಬಂದು ಅಂಕಿ ನೋಡುವುದು, ಫ್ಯಾನ್ ಆರಿಸುವುದು, ಮತ್ತೆ ಬಂದು ನೋಡುವುದು. ಕೊನಾಡು ಕಸ ಗುಡಿಸುತ್ತಾ ಬಂದು ನನ್ನ ಕಾಲನ್ನು ಪೊರಕೆಯಿಂದ ಸರಿಸಿ, "ತೊಟ್ಟಿಲು ಒಂದು ಕಟ್ಟಿಬಿಡಿ ಅದಕ್ಕೆ," ಅಂದು ಹೋದಳು.

ನಾಲ್ಕು ಗಂಟೆಯಾಯಿತು. ಉಸಿರು ಹಿಡಿದುಕೊಂಡೆ. ಘುರ್‍ರ್ ಇಲ್ಲ. ಡಬ್ಬಿ ತುಟಿಪಿಟಿಕ್ಕೆನ್ನಲಿಲ್ಲ. ಗೆರೆ ಹೊಸ ರಸ್ತೆಯ ಹಾಗೆ ಸಪಾಟು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ ಹಾಗೇ.

ಬೇರೆ ಯಾರಾದರೂ ಆಗಿದ್ದರೆ ಸೋತೆ ಅಂದುಕೊಳ್ಳುತ್ತಿದ್ದರು. ನಾನು ಯೋಚನೆ ಮಾಡಿದೆ. ಕಾವಲಿಗೆ ನಾಯಿ ತಂದ ರಾತ್ರಿಯಿಂದ ಕಳ್ಳ ಬರುವುದು ನಿಂತರೆ ಅದರ ಅರ್ಥ ಕಳ್ಳನೇ ಇರಲಿಲ್ಲ ಅಂತಲೋ, ಇದ್ದ ಕಳ್ಳ ಹೆದರಿದ ಅಂತಲೋ? ಡುಫಿಯೆ ಹೆದರಿದ್ದಾಳೆ. ಸದ್ದು ನಿಂತದ್ದೇ ಅವಳ ವಿರುದ್ಧ ಸಾಕ್ಷಿ. ಈ ತರ್ಕ ಹೊಳೆದಾಗ ನಾನು ಲಾರಿ ಬಿಡಿಭಾಗ ಮಾರುತ್ತಾ ದೇಶಕ್ಕೆ ನಷ್ಟ ಮಾಡಿದೆನಲ್ಲ ಅಂತ ಬೇಜಾರಾಯಿತು.

ಅಷ್ಟರಲ್ಲಿ ಇನ್ನೊಂದು ಸಂಕಟ. ಫುಫು ಕೆಟ್ಟುಹೋಯಿತು. ಧಂ ಧಂ ಸದ್ದೇನೋ ಬರುತ್ತಿತ್ತು, ಆದರೆ ಮೊದಲಿನ ಲಯವಿಲ್ಲ. ಎರಡು ಪೆಟ್ಟು, ಆಮೇಲೆ ಒಂದು ನಿಟ್ಟುಸಿರು, ಆಮೇಲೆ ಇನ್ನೊಂದು ಪೆಟ್ಟು. ಬೋಗುಣಿಯಲ್ಲಿ ಬಂದದ್ದೋ, ಗಂಟು ಗಂಟು. ಫುಫುವನ್ನು ಅಗಿಯಬಾರದು, ನುಂಗಬೇಕು. ಈ ಗಂಟುಗಳು ಗಂಟಲಲ್ಲಿ ಒಂದೊಂದಾಗಿ ನಿಂತು ತಮ್ಮ ಪರಿಚಯ ಹೇಳಿಕೊಂಡು ಕೆಳಗಿಳಿಯುತ್ತಿದ್ದವು.

"ಕೊನಾಡು, ಫುಫು ಯಾಕೋ ಬೇರೆ ಥರ ಇದೆ."

"ಮರಗೆಣಸು ಎಳೇದು."

ಮಾರನೆಯ ದಿನ ಕೇಳಿದರೆ, "ಮರಗೆಣಸು ಬಲಿತದ್ದು."

ರಾತ್ರಿ ಊಟವಾದ ಮೇಲೆ ಅತ್ತೆ ಮಗಳ ಭುಜಕ್ಕೆ ಶಿಯಾ ಕಾಯಿಯ ಬೆಣ್ಣೆ ಕಾಯಿಸಿ ತಿಕ್ಕುತ್ತಿದ್ದರು. ಏನಾಯಿತು ಅಂದೆ. "ಏನಿಲ್ಲ, ವಯಸ್ಸು," ಅಂದರು ಅತ್ತೆ. ತಂಗಿಯ ಚಿಂತೆ ಭುಜಕ್ಕೆ ಇಳಿದಿದೆ ಅಂತ ನಾನು ತಿಳಿದುಕೊಂಡೆ.

ಶನಿವಾರ ಸಂಜೆ ಸಹನೆ ಮುಗಿಯಿತು. ಒಂದು ತುತ್ತು ನುಂಗಿದೆ. ನಾಲಿಗೆ ತೀರ್ಪು ಕೊಟ್ಟಿತು. ಬೋಗುಣಿಯನ್ನು ಆಚೆ ತಳ್ಳಿದೆ.

"ಇದು ಮೆಷಿನ್ ಫುಫು."

ಕೊನಾಡು ನೀರಿನ ಚೆಂಬು ಹಿಡಿದು ನಿಂತಿದ್ದಳು. "ಏನಂದ್ರಿ?"

"ಮೆಷಿನ್ ಅಂದೆ. ಯಾವ ಹೋಟೆಲಿಂದ ತರಿಸ್ದೆ? ಈ ನಾಲಿಗೆಗೆ ಮೋಸ ಮಾಡೋಕಾಗಲ್ಲ ಕೊನಾಡು. ಇದರಲ್ಲಿ ತೋಳೇ ಇಲ್ಲ."

ಅವಳು ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು. ಬೊಬ್ಬೆ ಎದ್ದಿದ್ದವು. ಆಮೇಲೆ ನನ್ನನ್ನು ನೋಡಿದಳು. ಪಶ್ಚಾತ್ತಾಪ ಅಂದುಕೊಂಡೆ. ಒಂದು ಮಾತೂ ಆಡದೆ ಬೋಗುಣಿ ಎತ್ತಿಕೊಂಡು ಹೋದಳು. ಮದುವೆಯಾದ ಗಂಡಸರಿಗೆ ನಾನು ಹೇಳಬೇಕಾಗಿಲ್ಲ, ಹೆಂಡತಿ ಬೈಯುವವರೆಗೆ ಕ್ಷೇಮ. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ. (ಹಸಿವೂ ಇತ್ತು.)

ಭಾನುವಾರ ಚರ್ಚು ಮುಗಿಸಿ ಬಂದ ಮೇಲೆ ಹಾಲ್‌ನಲ್ಲಿ ನ್ಯಾಯಸ್ಥಾನ ಕೂಡಿತು. ಸಾಕ್ಷಿಗೆ ಟ್ವೆನೆಬೊವಾನನ್ನು ಕರೆಸಿದ್ದೆ. ನಾನು ಒಳ್ಳೆ ವಸ್ತ್ರವನ್ನು ಎಡಭುಜದ ಮೇಲೆ ಹೊದ್ದು, ಡಬ್ಬಿಯ ಕೆಳಗೆ ನಿಂತು ಮೊದಲುಮಾಡಿದೆ.

"ಸಭಾಸದರೇ, ಇಗೋ ಈ ವಾರದ ಗೆರೆ. ಬೆಟ್ಟವಿಲ್ಲ, ದಿಣ್ಣೆಯಿಲ್ಲ. ಇಷ್ಟು ವರ್ಷ ನಾಲ್ಕು ಗಂಟೆಗೆ ಕೇಳುತ್ತಿದ್ದ ಘುರ್‍ರ್ ಸದ್ದು ಈ ವಾರ ಎಲ್ಲಿ ಹೋಯಿತು? ಡಬ್ಬಿಗೆ ಹೆದರಿ ಅಡಗಿತು. ಆದ್ದರಿಂದ ಆ ಸದ್ದೇ ಅಪರಾಧಿ, ಆ ಸದ್ದಿನ ಒಡತಿಯೇ..."

"ಭಾವ," ಅಂದಳು ಡುಫಿಯೆ, "ಈ ವಾರ ಬೆಳಗಿಂದ ಸಂಜೆವರೆಗೂ ಹೊಲಿದಿದ್ದೀನಿ. ಸ್ಕೂಲ್ ಯೂನಿಫಾರಂ ರಾಶಿ ಬಿದ್ದಿತ್ತು."

"ಸದ್ದೇ ಕೇಳಿಸಲಿಲ್ವಲ್ಲ ನನಗೆ."

"ನನ್ನ ಮೆಷಿನ್ ಸದ್ದು ಜಗುಲಿಗೆ ಕೇಳೋದೇ ಇಲ್ಲ. ಯಾವತ್ತೂ ಕೇಳಿಲ್ಲ."

"ಹಾಗಾದ್ರೆ ನಾನು ಇಷ್ಟು ವರ್ಷ ಕೇಳಿದ್ದೇನು?"

ಡುಫಿಯೆ ಬಾಯಿ ತೆರೆದಳು. ಅಕ್ಕನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡಳು. "ಆಗ್ಲಿ ಬಿಡಿ, ಖಾಲಿ ಮಾಡ್ತೀನಿ," ಅಂತ ಎದ್ದು ಮುಂದಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚತೊಡಗಿದಳು. ಅವಳ ಕಣ್ಣು ತುಂಬಿತ್ತು. ನನಗೂ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಗೆದ್ದವನಿಗೆ ಹೀಗೆಲ್ಲ ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

"ಆ ಬಟ್ಟೆ ತೆಗಿ ಡುಫಿಯೆ," ಅಂದಳು ಕೊನಾಡು. ಎದ್ದು ಅತ್ತೆಯ ಕೋಣೆಗೆ ಹೋದಳು. ಮಂಚದ ಕೆಳಗಿನಿಂದ ಏನನ್ನೋ ಎಳೆಯುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಬಿಂದಿಗೆಯ ಗಾತ್ರದ ಒಂದು ಯಂತ್ರವಿತ್ತು. ಕೆಳಗೆ ಮೋಟಾರು, ಮೇಲೆ ಮುಚ್ಚಳ, ಉದ್ದ ಬಾಲದ ಹಾಗೆ ವೈರು. ಅದನ್ನು ಡಬ್ಬಿಯ ಕೆಳಗಿನ ಮೇಜಿನ ಮೇಲೆ ಇಟ್ಟು, ಸೆರಗಿನಿಂದ ಧೂಳು ಒರೆಸಿ, ವೈರು ಸಿಕ್ಕಿಸಿದಳು. ಅತ್ತೆ ಏನೂ ಕೇಳದೆ ಅಡುಗೆಮನೆಯಿಂದ ಬೆಂದ ಮರಗೆಣಸು, ಬಾಳೆಕಾಯಿ ತಂದು ಸುರಿದರು. ಕೊನಾಡು ಗುಂಡಿ ಒತ್ತಿದಳು.

ಘುರ್‍ರ್... ಘುರ್‍ರ್...

ಗೇರ್‌ಬಾಕ್ಸಿನ ಹಲ್ಲು ಎಣಿಸುವ ನನ್ನ ಕಿವಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅದೇ ಸದ್ದು. ಡಬ್ಬಿಯಲ್ಲಿ ಅಂಕಿ ಜಿಗಿಯಿತು, ಗೆರೆ ಎದ್ದು ನಿಂತಿತು, ಬೀಪ್ ಬೀಪ್ ಬೀಪ್ ಅಂತ ಕೂಗು ಶುರುವಾಯಿತು. ಟ್ವೆನೆಬೊವಾ ಕುರ್ಚಿ ಬಿಟ್ಟು ಬಾಗಿಲ ಹತ್ತಿರ ನಿಂತ.

ಯಂತ್ರ ನಿಂತಿತು. ಕೊನಾಡು ಕೈ ಒದ್ದೆ ಮಾಡಿಕೊಂಡು ಫುಫುವನ್ನು ಉಂಡೆ ಮಾಡಿ ಬೋಗುಣಿಗೆ ಹಾಕಿ, ಮೇಲೆ ತಾಳೆಹಣ್ಣಿನ ಸಾರು ಸುರಿದು, ಹೊಗೆ ಹಾಕಿ ಒಣಗಿಸಿದ ಮೀನಿನ ಒಂದು ತುಂಡು ಇಟ್ಟು ನನ್ನ ಮುಂದೆ ತಂದಿಟ್ಟಳು.

"ತಿನ್ನಿ."

ಸಿದ್ಧಾಂತದ ಮನುಷ್ಯ ಇಲ್ಲಿ ಏಳಬೇಕಿತ್ತು. ಆದರೆ ನಾನು ಒಂದು ವಾರದಿಂದ ಗಂಟು ನುಂಗಿದವನು, ಹಿಂದಿನ ರಾತ್ರಿ ಅದನ್ನೂ ನುಂಗದವನು. ಬೆರಳು ತಾನಾಗಿ ಹೋಯಿತು. ತುತ್ತು ಬೆಣ್ಣೆಯ ಹಾಗೆ ಜಾರಿತು. ತಲೆ ತಡೆಯುವ ಮುಂಚೆ ಬಾಯಿ ಹೇಳಿಬಿಟ್ಟಿತು: "ಆಹಾ, ಕೊನಾಡು ತೋಳು."

ಮೊದಲು ನಕ್ಕವರು ಅತ್ತೆ. ಆಮೇಲೆ ಡುಫಿಯೆ, ಕಣ್ಣೊರೆಸಿಕೊಳ್ಳುತ್ತಲೇ. ಟ್ವೆನೆಬೊವಾ ಮಾತ್ರ ನಗಲಿಲ್ಲ. ಹತ್ತಿರ ಬಂದು ನನ್ನ ಮುಖ ನೋಡಿ ಹೇಳಿದ, "ಕ್ವಾಜೊ, ನನ್ನ ಮೊಮ್ಮಗನ ನಾಮಕರಣಕ್ಕೆ ನಮ್ಮ ಹೆಂಗಸರು ಬೆಳಗಿನ ಜಾವ ಎದ್ದು ಕುಟ್ಟಿದ್ರು. ನನ್ನ ಹೆಂಡತಿ ಇವತ್ತಿಗೂ ನಿನ್ನ ಹೆಸರು ಎತ್ತಿದ್ರೆ ಎದ್ದು ಹೋಗ್ತಾಳೆ."

ಬೋಗುಣಿಯಲ್ಲಿ ಮುಖ ಮುಚ್ಚಿಕೊಳ್ಳುವಷ್ಟು ಸಾರು ಇರಲಿಲ್ಲ. ಕೊನೆಯ ಹುಲ್ಲುಕಡ್ಡಿ ಹಿಡಿದುಕೊಂಡೆ. "ಹಾಗಾದ್ರೆ ಆ ಧಂ ಧಂ? ದಿನಾ ಕೇಳ್ತಿದ್ನಲ್ಲ ನಾನು?"

"ಅದು ನಾನು ಅಳಿಯಂದ್ರೇ," ಅಂದರು ಅತ್ತೆ, ಬಹಳ ವಿನಯದಿಂದ. "ಸಿಪ್ಪೆ ಕುಟ್ತಿದ್ದೆ. ಬಾಳೆಕಾಯಿ ಸಿಪ್ಪೆ, ಗೆಣಸಿನ ಸಿಪ್ಪೆ. ಹಿತ್ತಲ ಕುರಿಗೆ. ಮೋಟಾರ್ ಸದ್ದು ನಿಮಗೆ ಕೇಳಿಸಬಾರದಲ್ಲ. ನೀವು ಜಗುಲೀಲಿ ‘ಆಹಾ’ ಅಂದಾಗೆಲ್ಲ ಕುರೀನೂ ತಲೆ ಎತ್ತಿ ನೋಡ್ತಿತ್ತು."

ಈಗ ಒಂದೊಂದೇ ಹೊಳೆಯತೊಡಗಿತು. ಕರೆಂಟು ಹೋದ ದಿನವೆಲ್ಲ ನಮ್ಮ ಮನೆಯಲ್ಲಿ ಫುಫು ಇರುತ್ತಿರಲಿಲ್ಲ, ಅಂಗಡಿಯಿಂದ ತಂದ ಮೆಕ್ಕೆಜೋಳದ ಕಡುಬು, ಕೆಂಕಿ, ಇರುತ್ತಿತ್ತು. "ಕತ್ತಲಲ್ಲಿ ಒನಕೆ ಬೆರಳ ಮೇಲೆ ಬಿದ್ದೀತು," ಅನ್ನುತ್ತಿದ್ದಳು ಕೊನಾಡು. ಹಾಡುಹಗಲು ನಾಲ್ಕು ಗಂಟೆಗೆ ಎಂಥ ಕತ್ತಲೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

"ಈ ಮೆಷಿನ್ ಸೆರ್ವಾ ಕಳಿಸಿದ್ದು," ಅಂದಳು ಕೊನಾಡು. ಅವಳು ನಗುತ್ತಿರಲಿಲ್ಲ. "ನನಗೆ ಭುಜ ಎತ್ತೋಕೇ ಆಗ್ತಿರಲಿಲ್ಲ. ತಲೆಗೆ ವಸ್ತ್ರ ಕಟ್ಕೊಳ್ಳೋಕೂ ಡುಫಿಯೇನ ಕರೀಬೇಕಾಗಿತ್ತು. ನಿಮಗೆ ಹೇಳೋಣ ಅಂತ ಒಂದು ದಿನ ಜಗುಲಿಗೆ ಬಂದೆ. ನೀವು ದಾರೀಲಿ ಹೋಗೋರನ್ನ ನಿಲ್ಲಿಸ್ಕೊಂಡು ನನ್ನ ತೋಳಿನ ಬಗ್ಗೆ ಹೇಳ್ತಾ ಇದ್ರಿ. ಹೇಗೆ ಹೇಳಲಿ? ವಾಪಸ್ ಹೋದೆ." ಡಬ್ಬಿಯ ಕಡೆ ಬೆರಳು ತೋರಿಸಿ ಮತ್ತೆ ಅಂದಳು, "ಈ ವಾರ ಈ ಡಬ್ಬಿಗೆ ಹೆದರಿ ನಿಜವಾಗ್ಲೂ ಕುಟ್ಟಿದೆ. ಈ ಕೈಯಲ್ಲೇ. ಅದನ್ನ ನೀವು ಆಚೆ ತಳ್ಳಿದ್ರಿ."

ನನಗೆ ನಾಚಿಕೆಯಾಯಿತು. ನಗಿಸಲು ಕೂತವನು ಇದನ್ನೆಲ್ಲ ಹೇಳಬಾರದೇನೋ, ಆದರೂ ಬಹಳ ನಾಚಿಕೆಯಾಯಿತು. ಎದ್ದು ಹೋಗಿ ಡುಫಿಯೆಯ ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನು ನಾನೇ ತೆಗೆದೆ. "ಇರಲಿ ಬಿಡಿ ಭಾವ, ಅಲ್ಲಿ ಸೂಜಿ ಇದೆ, ಕೈಗೆ ಚುಚ್ಚೀತು," ಅಂದಳು ಅವಳು. ಅಷ್ಟು ಹೊತ್ತಿಗೆ ಚುಚ್ಚಿಯೂ ಆಗಿತ್ತು.

ಮಾರನೆಯ ದಿನ ಒಂದು ಮಾತು ಮುಂದಿಟ್ಟೆ. ಈ ಸ್ಮಾರ್ಟ್ ಮೀಟರ್ ಅನ್ನುವುದು ಸಂಸಾರಸ್ಥರಿಗೆ ಹೇಳಿಸಿದ್ದಲ್ಲ, ಕಂಪನಿಗೆ ಹೇಳಿ ತೆಗೆಸಿಬಿಡೋಣ ಅಂತ. ಬೇಡ ಬೇಡ ಅಂತಿದ್ದವರೆಲ್ಲ ಈಗ ಅದರ ಪಕ್ಷ. ಅತ್ತೆ ತಮ್ಮ ಸ್ಟೂಲನ್ನು ಡಬ್ಬಿಯ ಕೆಳಗೇ ಹಾಕಿಸಿಕೊಂಡಿದ್ದರು. ಗೆರೆ ಓದುವುದನ್ನು ಡುಫಿಯೆ ಹೇಳಿಕೊಟ್ಟಿದ್ದಳಂತೆ, "ಮಧ್ಯಾಹ್ನ ಯಾರು ಅಳಿಯಂದ್ರೇ ಫ್ಯಾನ್ ಹಾಕ್ಕೊಂಡು ಮಲಗಿದ್ದೋರು?" ಅಂತ ನನ್ನನ್ನೇ ವಿಚಾರಣೆ ಮಾಡಿದರು. ಕೊನಾಡು, "ಗೋಡೆ ಸುಣ್ಣ ಕಿತ್ಕೊಂಡು ಬರುತ್ತೆ, ತೆಗೀಬೇಡಿ," ಅಂದಳು. ಟ್ವೆನೆಬೊವಾ ತನ್ನ ಮನೆಗೂ ಒಂದು ಹಾಕಿಸಿಕೊಂಡ. ನಮ್ಮ ಮನೆಯ ಕಥೆಯನ್ನು ಸುವಾಮೆಯ ಕೊನೆಯ ಅಂಗಡಿಯವರೆಗೂ ತಲುಪಿಸಿದ. ಈಗ ನಾಲ್ಕು ಗಂಟೆಗೆ ಡಬ್ಬಿ ಕೂಗಿಕೊಂಡರೆ ಬೀದಿಯಲ್ಲಿ ಹೋಗುವವರು ನಿಂತು, "ಆಸಿಯಾಮಾ, ನಿನ್ನ ಹೆಂಡತಿ ತೋಳು ಕರೀತಾ ಇದೆ, ಹೋಗಪ್ಪ," ಅನ್ನುತ್ತಾರೆ. ನಾನು ಹೋಗುತ್ತೇನೆ. ಏನು ಮಾಡಲಿ, ಆ ಕೂಗು ಕೇಳಿದರೆ ಬಾಯಲ್ಲಿ ನೀರೂರುತ್ತದೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ಸುಖಿ. ಅತ್ತೆ ಒನಕೆ ಕೆಳಗಿಟ್ಟುಬಿಟ್ಟರು. "ಇನ್ನು ಯಾರಿಂದ ಮುಚ್ಚಿಡಬೇಕು? ನನಗೂ ವಯಸ್ಸಾಯ್ತು," ಅಂದರು. ಆದರೆ ಇಷ್ಟು ವರ್ಷ ಕುಟ್ಟಿದ ಸಿಪ್ಪೆ ತಿಂದ ಕುರಿಗೆ ಇಡೀ ಸಿಪ್ಪೆ ಗಂಟಲಲ್ಲಿ ಇಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಸಮ ಅರಚತೊಡಗಿತು.

ಕೊನಾಡು ಜಗುಲಿಗೆ ಬಂದು ಒನಕೆಯನ್ನು ನನ್ನ ಕುರ್ಚಿಗೆ ಒರಗಿಸಿದಳು. "ಕೈಯಲ್ಲಿ ಕುಟ್ಟಿದ್ದೇ ಬೇಕು ಅನ್ನೋರು ಈ ಮನೇಲಿ ಇನ್ನೊಬ್ಬರಿದ್ದಾರೆ. ಅವರ ಕಷ್ಟ ನಿಮಗಲ್ಲದೆ ಇನ್ಯಾರಿಗೆ ಅರ್ಥ ಆಗುತ್ತೆ?"

ಅವಳ ಭುಜ ನೋಡಿದೆ, ಒನಕೆ ಎತ್ತಿಕೊಂಡೆ. ಹಿತ್ತಲಿಗೆ ಹೋಗಿ ಅಂಗಿ ಬಿಚ್ಚಿ ಕುಟ್ಟಿದೆ. ಮೊದಲ ಪೆಟ್ಟು ಒರಳಿನ ಅಂಚಿಗೆ ಬಿತ್ತು, ಎರಡನೆಯದು ನನ್ನ ಕಾಲಿಗೆ. ಸ್ವಲ್ಪ ಹೊತ್ತಿಗೆ ಭುಜ ನನ್ನದೋ ಬೇರೆಯವರದೋ ತಿಳಿಯದಾಯಿತು. ಆ ನೋವಿನಲ್ಲಿ ನಿಂತಾಗ ಕೊನಾಡು ಇಷ್ಟು ವರ್ಷ ಏನು ಮಾಡಿಕೊಂಡು ಬಂದಳು ಅನ್ನುವುದು ನನಗೆ ಯಾವ ಡಬ್ಬಿಯೂ ತೋರಿಸದಷ್ಟು ಚೆನ್ನಾಗಿ ತೋರಿತು. ಕೊನೆಗೆ ಸಿಪ್ಪೆಯನ್ನು ಬೋಗುಣಿಗೆ ಬಳಿದು, ಬೆವರು ಒರೆಸಿಕೊಂಡು, ಕುರಿಯ ಮುಂದೆ ಇಟ್ಟು ಪಕ್ಕದಲ್ಲಿ ನಿಂತೆ. ಕೊನಾಡು, ಅತ್ತೆ, ಡುಫಿಯೆ ಮೂವರೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

ಕುರಿ ಮೂಸಿತು. ಒಂದು ಬಾಯಿ ತಿಂದು ನೋಡಿತು. ತಲೆ ಎತ್ತಿ ನನ್ನ ಮುಖ ನೋಡಿ, ಮೂತಿಯಿಂದ ಬೋಗುಣಿಯನ್ನು ಆಚೆ ತಳ್ಳಿತು.

ನಾನು ಬೋಗುಣಿಯನ್ನು ಎತ್ತಿಕೊಂಡು ಸಿಪ್ಪೆಯನ್ನು ಮತ್ತೆ ಒರಳಿಗೆ ಸುರಿದೆ.